ಚಿಂತಾಮಣಿಯ ಪಹಣಿಯೂ ಡಿಸ್ಕಿನ ನಿಯಂತ್ರಕವೂ

ಭೂದಾಖಲೆಗಳ ಚರಿತ್ರೆಯನ್ನು ಬರೆಯುವವರು ಕಂದಾಯದ ದರ, ಸರ್ವೆ, ಹಿಡುವಳಿ ಇವುಗಳನ್ನು ವಿವರವಾಗಿ ವಿಚಾರಿಸುತ್ತಾರೆ. ದಾಖಲೆ ಯಾವ ವಸ್ತುವಿನ ಮೇಲೆ ಇದ್ದಿತು, ಅದನ್ನು ಓದಿ ಹೇಳುವ ಮಧ್ಯವರ್ತಿ ಯಾರು ಎಂಬ ಪ್ರಶ್ನೆಯನ್ನು ಕೇಳುವುದು ಕಡಮೆ. ಈ ಪ್ರಶ್ನೆ ಅಷ್ಟು ಅಲ್ಪವಾದುದಲ್ಲ. ವರ್ಷವಿಡೀ ಹರಿಯುವ ಹೊಳೆಯಿಲ್ಲದೆ ಕೆರೆಯನ್ನೂ ಕೊಳವೆಬಾವಿಯನ್ನೂ ನಂಬಿರುವ ಚಿಂತಾಮಣಿಯಂಥ ತಾಲ್ಲೂಕಿನಲ್ಲಿ, ಬೆಳೆಸಾಲ ಬೇಡುವ ರೈತನಿಗೆ ಪಹಣಿಯ ಪ್ರತಿಯೇ ಮೊದಲ ಆಧಾರ.

ಹಳೆಯ ಮೈಸೂರಿನಲ್ಲಿ ಆ ಮಧ್ಯವರ್ತಿ ಶಾನುಭೋಗ. ಲೆಕ್ಕದ ಪುಸ್ತಕವೂ ಅದನ್ನು ಓದುವ ಜಾಣ್ಮೆಯೂ ಒಂದೇ ಮನೆತನದಲ್ಲಿ ನೆಲೆಸಿದ್ದುವು. 1961ರ ಗ್ರಾಮಾಧಿಕಾರಗಳ ರದ್ಧತಿ ಶಾಸನವು 1963ರಲ್ಲಿ ಜಾರಿಗೆ ಬಂದು, ಪುಸ್ತಕವು ಸರ್ಕಾರಿ ನೌಕರನಾದ ಗ್ರಾಮ ಲೆಕ್ಕಿಗನ ಕೈಗೆ ಹೋಯಿತು. ಮೂರನೆಯ ಮಧ್ಯವರ್ತಿ ಬಂದುದು ‘ಭೂಮಿ’ ಯೋಜನೆಯೊಡನೆ. ಮದ್ದೂರು ತಾಲ್ಲೂಕಿನಲ್ಲಿ ಪ್ರಯೋಗವಾಗಿ ನಡೆದ ಈ ಕಾರ್ಯವು 2002ರ ಹೊತ್ತಿಗೆ ರಾಜ್ಯದ 177 ತಾಲ್ಲೂಕುಗಳಿಗೂ ಹರಡಿತು. ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿ ಪಹಣಿಗಳು ಗಣಕಕ್ಕೆ ಸೇರಿದುವು. ಆಗ ಕೋಲಾರ ಜಿಲ್ಲೆಯಲ್ಲಿದ್ದು 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದ ಚಿಂತಾಮಣಿಯೂ ಇವುಗಳಲ್ಲೊಂದು. ಹದಿನೈದು ರೂಪಾಯಿ ಕೊಟ್ಟರೆ ತಾಲ್ಲೂಕು ಕಚೇರಿಯಲ್ಲಿಯೇ ಅಚ್ಚಾದ ಪ್ರತಿ ದೊರೆಯುವಂತಾಯಿತು. ಕೈಬರಹದ ಪ್ರತಿಗೆ ಮಾನ್ಯತೆ ತಪ್ಪಿತು. ಈ ಕೊನೆಯ ಮಾತೇ ನಮ್ಮ ವಿಚಾರಕ್ಕೆ ಮುಖ್ಯವಾದುದು: ಸರ್ವರು ಡಿಸ್ಕನ್ನು ಓದದಿದ್ದರೆ ರೈತನಿಗೆ ಬೇರೊಂದು ಬಾಗಿಲಿಲ್ಲ.

ಡಿಸ್ಕನ್ನು ಸರ್ವರು ನೇರವಾಗಿ ಓದುವುದಿಲ್ಲ. ನಡುವೆ ನಿಯಂತ್ರಕವೆಂಬ ಫಲಕವುಂಟು. ಅದರೊಡನೆ ವ್ಯವಹರಿಸಲು ಕಾರ್ಯಾಚರಣ ವ್ಯವಸ್ಥೆಗೆ ಡ್ರೈವರ್ ಎಂಬ ತಂತ್ರಾಂಶ ಬೇಕು. 1956ರಲ್ಲಿ ಐಬಿಎಂ ಸಂಸ್ಥೆ ಹೊರತಂದ ಮೊದಲ ಡಿಸ್ಕ್ ಯಂತ್ರದಲ್ಲಿ ಐವತ್ತು ತಟ್ಟೆಗಳಿದ್ದು, ಐವತ್ತು ಲಕ್ಷ ಅಕ್ಷರಗಳು ಹಿಡಿಯುತ್ತಿದ್ದುವು. 1980ರಲ್ಲಿ ಸೀಗೇಟ್‌ನ ಐದು ಮೆಗಾಬೈಟಿನ ಸಣ್ಣ ಡಿಸ್ಕು ಬಂದಾಗ ನಿಯಂತ್ರಕವು ಪ್ರತ್ಯೇಕ ಫಲಕವಾಗಿತ್ತು. ಒಂದು ತಯಾರಿಕೆಯ ನಿಯಂತ್ರಕದಿಂದ ಬರೆದ ತಟ್ಟೆಯನ್ನು ಮತ್ತೊಂದು ತಯಾರಿಕೆಯದು ಓದಲಾರದೆ ಹೋಗುವುದು ಆಗ ಸಾಮಾನ್ಯ. ಅಕ್ಷರಗಳು ಅಳಿದಿರಲಿಲ್ಲ, ಓದುವವನು ಬದಲಾಗಿದ್ದನು, ಅಷ್ಟೆ. (ಶಾನುಭೋಗರ ಮೋಡಿ ಬರಹದೊಡನೆ ಹೆಣಗಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.) 1988ರಲ್ಲಿ ಬರ್ಕ್‌ಲಿಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಸ್ ಎಂಬವರು ಹಲವು ಅಗ್ಗದ ಡಿಸ್ಕುಗಳನ್ನು ಒಂದಾಗಿ ಕಟ್ಟುವ ‘ರೇಡ್’ ಪದ್ಧತಿಯನ್ನು ನಿರೂಪಿಸಿದರು. ಒಂದು ಡಿಸ್ಕು ಕೆಟ್ಟರೂ ದಾಖಲೆ ಉಳಿಯುವುದು ಇದರ ಗುಣ. ಆದರೆ ಯಾವ ಡಿಸ್ಕು ಎಷ್ಟನೆಯದು ಎಂಬ ಲೆಕ್ಕವೆಲ್ಲ ನಿಯಂತ್ರಕದ ವಶವಾದುದರಿಂದ ಆ ಮಧ್ಯವರ್ತಿಯ ಅಧಿಕಾರ ಮತ್ತಷ್ಟು ಹೆಚ್ಚಿತು.

ಸರ್ವರು ನಿಂತೊಡನೆ ‘ಡಿಸ್ಕು ಕೆಟ್ಟಿದೆ’ ಎನ್ನುವುದು ರೂಢಿಯಾಗಿ ಬಂದಿದೆ. ಈ ರೂಢಿಗೆ ಆಧಾರ ಸಾಲದು. ಇಲಿನಾಯ್ ವಿಶ್ವವಿದ್ಯಾನಿಲಯದವರೂ ನೆಟ್‌ಆ್ಯಪ್ ಸಂಸ್ಥೆಯವರೂ ಸುಮಾರು 39,000 ವ್ಯವಸ್ಥೆಗಳಲ್ಲಿದ್ದ 18 ಲಕ್ಷ ಡಿಸ್ಕುಗಳನ್ನು 44 ತಿಂಗಳ ಕಾಲ ಗಮನಿಸಿ 2008ರಲ್ಲಿ ಪ್ರಕಟಿಸಿದ ಪ್ರಬಂಧದಂತೆ, ಒಟ್ಟು ವೈಫಲ್ಯಗಳಲ್ಲಿ ಡಿಸ್ಕಿನ ಪಾಲು ನೂರಕ್ಕೆ 20ರಿಂದ 55. ಕೇಬಲು ಮೊದಲಾದ ಭೌತಿಕ ಜೋಡಣೆಯ ಪಾಲು 27ರಿಂದ 68. ಡ್ರೈವರಿನ ದೋಷವೂ ಹೀಗೆಯೇ ವೇಷ ಮರೆಸಿಕೊಂಡು ಬರುತ್ತದೆ. ‘ಭೂಮಿ’ಯ ಆರಂಭಕಾಲದ ವಿಂಡೋಸ್ ಸರ್ವರುಗಳನ್ನು ಅಣಿಗೊಳಿಸುವಾಗ ಹೊಸ ನಿಯಂತ್ರಕದ ಡ್ರೈವರನ್ನು ಫ್ಲಾಪಿಯಿಂದ ಪ್ರತ್ಯೇಕವಾಗಿ ಒದಗಿಸದಿದ್ದರೆ, ಡಿಸ್ಕೇ ಇಲ್ಲವೆಂಬ ಸಂದೇಶ ಬರುತ್ತಿತ್ತು. ಡಿಸ್ಕು ಅಲ್ಲಿಯೇ ಸುಸ್ಥಿತಿಯಲ್ಲಿರುತ್ತಿತ್ತು.

ರೋಗನಿರ್ಣಯದ ಕ್ರಮಕ್ಕೆ ಇಷ್ಟು ಬೆಲೆಯಿರುವುದು ಈ ಕಾರಣದಿಂದಲೇ. ಮೊದಲು ಸರ್ವರಿನ ದಿನಚರಿಯಲ್ಲಿ ದೋಷ ಒಂದೇ ಡಿಸ್ಕಿನದೋ, ಒಂದು ಕೇಬಲಿನ ಮೇಲಿನ ಎಲ್ಲವುಗಳದೋ ಎಂದು ನೋಡಬೇಕು. ನಾಲ್ಕು ಡಿಸ್ಕುಗಳು ಒಂದೇ ಗಳಿಗೆಯಲ್ಲಿ ಕೆಟ್ಟುವೆಂದರೆ ನಂಬತಕ್ಕದ್ದಲ್ಲ. ನಿಯಂತ್ರಕವನ್ನೋ ಕೇಬಲನ್ನೋ ವಿದ್ಯುತ್ತನ್ನೋ ಶಂಕಿಸುವುದು ಯುಕ್ತ. ಇತ್ತೀಚೆಗೆ ಡ್ರೈವರನ್ನು ಬದಲಿಸಿದ್ದರೆ ಹಳೆಯದನ್ನು ಹಾಕಿ ನೋಡಬೇಕು. ನಿಯಂತ್ರಕವನ್ನು ಬದಲಿಸಿದಾಗ ಹೊಸದು ಹಳೆಯ ಜೋಡಣೆಯನ್ನು ಗುರುತಿಸದೆ, ಹೊಸದಾಗಿ ಅಣಿಗೊಳಿಸಲೇ ಎಂದು ಕೇಳುವುದುಂಟು. ಅವಸರದಲ್ಲಿ ಹೌದೆಂದರೆ, ಅದುವರೆಗೆ ಓದಲಾಗದೆ ಇದ್ದ ದಾಖಲೆ ನಿಜವಾಗಿಯೂ ಅಳಿದುಹೋಗಬಹುದು. ಪ್ರತಿ ತೆಗೆದುಕೊಳ್ಳದೆ ಏನನ್ನೂ ಬರೆಯಗೊಡಬಾರದೆಂಬ ನಿಯಮ ಇಂಥ ನಷ್ಟಗಳಿಂದಲೇ ಹುಟ್ಟಿದುದು. ನಿಯಂತ್ರಕದ ಸ್ಮೃತಿಯನ್ನು ಕಾಯುವ ಸಣ್ಣ ಬ್ಯಾಟರಿ ಸತ್ತಿದ್ದು ಅದೇ ಕ್ಷಣದಲ್ಲಿ ವಿದ್ಯುತ್ತು ಹೋದರೆ, ಡಿಸ್ಕಿಗೆ ಇನ್ನೂ ಇಳಿಯದಿದ್ದ ಬರಹ ಮಾತ್ರ ಕಾಣೆಯಾಗುತ್ತದೆ. ಅದು ಅಂದು ಬೆಳಿಗ್ಗೆ ಮಂಜೂರಾದ ಖಾತೆ ಬದಲಾವಣೆಯೇ ಆಗಿದ್ದರೆ, ಪಹಣಿ ಹಳೆಯ ಮಾಲೀಕನ ಹೆಸರನ್ನೇ ನಿರ್ದೋಷವಾಗಿ ಅಚ್ಚುಮಾಡುತ್ತದೆ. ಸರ್ವರು ಪೂರ್ತಿ ನಿಲ್ಲುವುದಕ್ಕಿಂತ ಇದು ಹೆಚ್ಚು ಅಪಾಯಕರವೆಂದು ನನ್ನ ಅಭಿಪ್ರಾಯ. ನಿಂತದ್ದು ಎಲ್ಲರಿಗೂ ಕಾಣುತ್ತದೆ.

ಮುಂದಿನ ವರ್ಷಗಳಲ್ಲಿ ತಾಲ್ಲೂಕುಗಳ ದತ್ತಾಂಶವು ಬೆಂಗಳೂರಿನ ಕೇಂದ್ರದಲ್ಲಿ ಸೇರಿತು. ಕೈವಾರದ ರೈತನಿಗೂ ಅವನ ಸರ್ವೆ ನಂಬರಿಗೂ ನಡುವಿನ ಮಧ್ಯವರ್ತಿಗಳ ಸಂಖ್ಯೆ ಇದರಿಂದ ಹೆಚ್ಚಿದೆ. ‘ಭೂಮಿ’ಗೆ ಹಿಂದಿನ ಕೈಬರಹದ ಪುಸ್ತಕಗಳು ತಾಲ್ಲೂಕು ಕಚೇರಿಗಳ ದಾಖಲೆ ಕೊಠಡಿಗಳಲ್ಲಿ ಉಳಿದಿದ್ದು, ಈಚೆಗೆ ‘ಭೂ ಸುರಕ್ಷಾ’ ಯೋಜನೆಯಡಿ ಅವುಗಳ ಪುಟಗಳನ್ನೂ ಸ್ಕ್ಯಾನ್ ಮಾಡಿ ಡಿಸ್ಕಿಗೆ ಸೇರಿಸುವ ಕೆಲಸ ನಡೆದಿದೆ.