ತುಂಗಭದ್ರೆಯ ಬಲದಂಡೆಯಲ್ಲಿ ಸರ್ಕಾರಿ ಬಸ್ಸು: ಆಡಳಿತ ಮತ್ತು ಹಣಕಾಸಿನ ಚರಿತ್ರೆ

ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳ ನಡುವೆ ಓಡುವ ಸರ್ಕಾರಿ ಬಸ್ಸುಗಳ ನಷ್ಟದ ಮಾತು ಬಂದಾಗಲೆಲ್ಲ ಚರ್ಚೆ ಡೀಸೆಲ್ ದರ, ಸಿಬ್ಬಂದಿಯ ಸಂಬಳ, ಮಹಿಳೆಯರ ಉಚಿತ ಪ್ರಯಾಣ ಇವುಗಳ ಸುತ್ತಲೇ ಸುತ್ತುತ್ತದೆ. ಇವೆಲ್ಲ ಹೊರೆಗಳೇ, ಸಂದೇಹವಿಲ್ಲ. ಆದರೆ ಈ ಹೊರೆಯನ್ನು ಯಾರು ಹೊರಬೇಕೆಂಬ ಗೊಂದಲ ಇವೆಲ್ಲಕ್ಕಿಂತ ಹಳೆಯದು. ವ್ಯಾಪಾರ ಮಾಡೆಂದು ಆಜ್ಞಾಪಿಸಿ, ಬೆಲೆ ಕಟ್ಟುವ ಅಧಿಕಾರವನ್ನು ಮಾತ್ರ ಕೊಡದ ಕಾನೂನಿನ ಅಡಿಯಲ್ಲಿ ನಮ್ಮ ಸಾರಿಗೆ ನಿಗಮಗಳು ಹುಟ್ಟಿದವು. ಈ ಭಾಗದಲ್ಲಿ ಆ ಕಾನೂನಿನ ಜೊತೆಗೆ ಪದೇ ಪದೇ ಬದಲಾದ ರಾಜ್ಯ ಮತ್ತು ಜಿಲ್ಲೆಗಳ ಗಡಿಗಳೂ ಸೇರಿಕೊಂಡಿವೆ.

ಸ್ವಾತಂತ್ರ್ಯದ ಹೊತ್ತಿಗೆ ಇಲ್ಲಿ ಹೊಳೆಯೇ ರಾಜ್ಯದ ಗಡಿ. ಆಚೆ ದಡದ ಆನೆಗೊಂದಿ, ಗಂಗಾವತಿ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. ಆ ಸಂಸ್ಥಾನ 1932ರಲ್ಲೇ ತನ್ನ ರೈಲ್ವೆಯ ಅಂಗವಾಗಿ 27 ಬಸ್ಸುಗಳಿಂದ ಸರ್ಕಾರಿ ಸಾರಿಗೆ ಆರಂಭಿಸಿತ್ತು. ಈಚೆ ದಡದ ಹೊಸಪೇಟೆ, ಕಂಪ್ಲಿ ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಯ ಊರುಗಳು. ಮದ್ರಾಸ್ ಸರ್ಕಾರ ತನ್ನ ರಾಜಧಾನಿಯ ಬಸ್ಸುಗಳನ್ನು 1947ರಲ್ಲಿ ಕೈಗೆತ್ತಿಕೊಂಡರೂ ಜಿಲ್ಲೆಗಳ ಸಾರಿಗೆಯನ್ನು ಬಹುಮಟ್ಟಿಗೆ ರಹದಾರಿ ಪಡೆದ ಖಾಸಗಿ ಮಾಲೀಕರಿಗೇ ಬಿಟ್ಟಿತ್ತು. ಘೋರ್ಪಡೆ ಮನೆತನ ಆಳುತ್ತಿದ್ದ ಸಂಡೂರು ಸಂಸ್ಥಾನ 1949ರಲ್ಲಿ ಮದ್ರಾಸಿನಲ್ಲಿ ವಿಲೀನವಾಯಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಸೇರಿದಾಗ ಅಲ್ಲಿ ಮೂರನೆಯದೇ ಒಂದು ಪದ್ಧತಿ ಇತ್ತು: 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ಆರಂಭವಾದ ಸರ್ಕಾರಿ ಇಲಾಖೆ. 1961ರಲ್ಲಿ ಆ ಇಲಾಖೆ ನಿಗಮವಾಯಿತು. 1973ರಲ್ಲಿ ರಾಜ್ಯದ ಹೆಸರಿನೊಂದಿಗೆ ನಿಗಮದ ಹೆಸರೂ ಬದಲಾಯಿತು. ಇಲಾಖೆ ನಿಗಮವಾದದ್ದು ಬರೀ ಫಲಕದ ಬದಲಾವಣೆಯಲ್ಲ. ಇಲಾಖೆಯ ಖರ್ಚು ಸರ್ಕಾರದ ಆಯವ್ಯಯದೊಳಗೇ ಬರುತ್ತದೆ, ನಿಗಮ ತನ್ನ ಲೆಕ್ಕವನ್ನು ತಾನೇ ಸರಿದೂಗಿಸಿಕೊಳ್ಳಬೇಕು.

1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆಯನ್ನು ಕಲಮು ಕಲಮಾಗಿ ಓದಿದರೆ ಅದರ ಒಳತೊಡಕು ಕಾಣುತ್ತದೆ. ಸಮರ್ಥ, ಸಾಕಷ್ಟು, ಮಿತವ್ಯಯದ, ಸುಸಂಘಟಿತ ಸೇವೆ ಒದಗಿಸಬೇಕೆಂದು 18ನೇ ಕಲಮು ಹೇಳುತ್ತದೆ. ವ್ಯಾಪಾರ ತತ್ತ್ವದಂತೆ ನಡೆಯಬೇಕೆಂದು 22ನೇ ಕಲಮು ಹೇಳುತ್ತದೆ. ಸರ್ಕಾರದ ನಿರ್ದೇಶನ ಪಾಲಿಸಬೇಕೆನ್ನುವುದು 34ನೇ ಕಲಮು. ಪ್ರಯಾಣದರದ ಹಿಡಿತವಂತೂ ಮೋಟಾರು ವಾಹನ ಕಾಯ್ದೆಯ ಮೂಲಕ ರಾಜ್ಯ ಸರ್ಕಾರದ ಕೈಯಲ್ಲಿದೆ. ಕಾನೂನು ಬರೆದವರಿಗೆ ನಷ್ಟದ ಕಲ್ಪನೆಯೇ ಇದ್ದಂತಿಲ್ಲ: ಲಾಭದಲ್ಲಿ ಪ್ರಯಾಣಿಕರ ಸೌಕರ್ಯ, ಕಾರ್ಮಿಕರ ಕಲ್ಯಾಣ ಮುಂತಾದವುಗಳಿಗೆ ಬಳಸಿ ಉಳಿದದ್ದನ್ನು ರಸ್ತೆ ಅಭಿವೃದ್ಧಿಗೆಂದು ಸರ್ಕಾರಕ್ಕೆ ಕೊಡಬೇಕೆಂದು 30ನೇ ಕಲಮಿನಲ್ಲಿ ಬರೆದರು. ಬಸ್ಸು ರಸ್ತೆಯನ್ನು ಸಾಕುತ್ತದೆಂದು ನಂಬಿದ ಕಾಲ ಅದು. ಬಂಡವಾಳಕ್ಕೆ ರಾಜ್ಯದೊಂದಿಗೆ ಕೇಂದ್ರವೂ ರೈಲ್ವೆಯ ಮೂಲಕ ಪಾಲು ಕೊಡುತ್ತಿತ್ತು. 1980ರ ದಶಕದ ಕೊನೆಯಲ್ಲಿ ಆ ಪಾಲು ನಿಂತಿತು, ಸೇವೆಯ ಹೊಣೆ ಮಾತ್ರ ಹಾಗೇ ಉಳಿಯಿತು. ನೌಕರರಿಗೂ ಈ ಇಬ್ಬಂದಿತನ ತಟ್ಟಿದೆ. 2020ರ ಡಿಸೆಂಬರಿನಲ್ಲಿಯೂ 2021ರ ಏಪ್ರಿಲಿನಲ್ಲಿಯೂ ಅವರು ಬಸ್ಸು ನಿಲ್ಲಿಸಿ ಕೇಳಿದ್ದು ಸರ್ಕಾರಿ ನೌಕರರ ಸ್ಥಾನವನ್ನು, ಅವರಿಗೆ ಸಮನಾದ ವೇತನವನ್ನು.

ಏಕ ನಿಗಮ ದೊಡ್ಡದಾಯಿತೆಂದು 1997ರಲ್ಲಿ ಬೆಂಗಳೂರು ಮತ್ತು ಹುಬ್ಬಳ್ಳಿಯ ನಿಗಮಗಳು ಬೇರೆಯಾದವು, 2000ದಲ್ಲಿ ಕಲಬುರಗಿಯ ಈಶಾನ್ಯ ನಿಗಮ ಹುಟ್ಟಿತು. 2021ರಲ್ಲಿ ಅದು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ ಎಂಬ ಹೆಸರು ಪಡೆಯಿತು. ಹೊಸಪೇಟೆಗೆ ಹುಬ್ಬಳ್ಳಿ ಹತ್ತಿರ, ಕಲಬುರಗಿ ಬಹಳ ದೂರ. ಆದರೂ ಹೊಸಪೇಟೆ ವಿಭಾಗ ಕಲಬುರಗಿಗೇ ಸೇರಿತು. ಅದೇ 2021ರಲ್ಲಿ ವಿಜಯನಗರ ಜಿಲ್ಲೆ ಬಂದಾಗ ಹೊಸಪೇಟೆ, ಹಂಪಿ ಒಂದು ಕಡೆಯಾದವು. ಸಂಡೂರೂ, ಹಿಂದೆ ಹೊಸಪೇಟೆ ತಾಲ್ಲೂಕಿಗೇ ಸೇರಿದ್ದ ಕಂಪ್ಲಿಯೂ ಬಳ್ಳಾರಿಯಲ್ಲಿ ಉಳಿದವು. ಕಾಲೇಜಿಗೆ, ಆಸ್ಪತ್ರೆಗೆ, ಸಂತೆಗೆ ಹೋಗುವವರು ಜಿಲ್ಲೆಯ ಗೆರೆ ನೋಡಿ ಬಸ್ಸು ಹತ್ತುವುದಿಲ್ಲ. ಆದರೆ ಅವರ ದೂರು ಹೇಳಬೇಕಾದ ಸಭೆಗಳು ಆ ಗೆರೆಯ ಎರಡು ಬದಿಗೆ ಹಂಚಿಹೋಗಿವೆ.

ಖಾಸಗಿಯವರಿಗೆ ಬಿಟ್ಟರೆ ಇಷ್ಟೆಲ್ಲ ತಾಪತ್ರಯವಿಲ್ಲ ಎನ್ನುವವರಿದ್ದಾರೆ. ರಹದಾರಿಯ ಕಾಲದ ಒಂದು ಗುಣವನ್ನು ಒಪ್ಪಲೇಬೇಕು: ಅಂದು ಬಸ್ಸಿನ ಮಾಲೀಕ ಕಣ್ಣೆದುರಿಗೇ ಸಿಗುತ್ತಿದ್ದ. ಆದರೆ ಜನ ತುಂಬುವ ಹಾದಿಯನ್ನಷ್ಟೇ ಅವನು ಬಯಸಿದರೆ ತಡೆಯುವ ಕಾನೂನು ದುರ್ಬಲ. ಸಂಡೂರಿನ ಗುಡ್ಡದ ಹಳ್ಳಿಗೆ ಬೆಳಗಿನ ಒಂದು ಬಸ್ಸು ಕಳಿಸುವ ಹೊಣೆ 18ನೇ ಕಲಮಿನಡಿ ನಿಗಮದ್ದು, ರಹದಾರಿದಾರನದ್ದಲ್ಲ. ಇನ್ನೊಂದು ಆಕ್ಷೇಪ, ಮಹಿಳೆಯರಿಗೆ ಉಚಿತ ಪ್ರಯಾಣ ಕೊಡಲು 2023ರ ಜೂನ್ 11ರಂದು ಬಂದ ಶಕ್ತಿ ಯೋಜನೆಯೇ ನಿಗಮಗಳನ್ನು ಮುಳುಗಿಸಿತೆಂಬುದು. ಕಾಲಕ್ರಮ ಇದನ್ನು ಒಪ್ಪುವುದಿಲ್ಲ. ಸಂಬಳದ ಮುಷ್ಕರಗಳೂ ಕೋವಿಡ್ ಕಾಲದ ಖಾಲಿ ಬಸ್ಸುಗಳೂ ಅದಕ್ಕಿಂತ ಮೊದಲಿನವು. ಕಲ್ಯಾಣ ಕರ್ನಾಟಕ ನಿಗಮದ ಪ್ರಯಾಣದರ 2020ರ ನಂತರ ಏರಿದ್ದು 2025ರ ಜನವರಿ 5ರಂದು, ಶೇ. 15ರಷ್ಟು. ನಡುವೆ ಕಳೆದ ಐದು ವರ್ಷದ ಮೌನ ನಿಗಮದ ತೀರ್ಮಾನವಲ್ಲ. ನನ್ನ ದೃಷ್ಟಿಯಲ್ಲಿ ಶಕ್ತಿ ಯೋಜನೆ ಲೆಕ್ಕದ ಇತಿಹಾಸದಲ್ಲಿ ಒಂದು ತಿರುವು. ಶೂನ್ಯ ದರದ ಪ್ರತಿ ಚೀಟಿಯೂ ಯಾವ ಹಾದಿಯಲ್ಲಿ ಎಷ್ಟು ಮಂದಿ ಹೋದರೆಂಬುದಕ್ಕೆ ದಾಖಲೆ. ಇಡೀ ರಾಜ್ಯದಲ್ಲಿ ಇಂಥ ಪ್ರಯಾಣಗಳು 2025ರ ಜುಲೈಯಲ್ಲಿ 500 ಕೋಟಿ ದಾಟಿದವು. ಹಿಂದೆ 'ನಷ್ಟ' ಎಂಬ ಒಂದೇ ಮಾತಿನಡಿ ಮುಚ್ಚಿಹೋಗುತ್ತಿದ್ದ ಸೇವೆಗೆ ಈಗ ಬೆಲೆಯಿದೆ, ಅದನ್ನು ಕೊಳ್ಳುವ ಸರ್ಕಾರವೂ ಇದೆ. ಕೊಂಡ ಮೇಲೆ ಹಣ ತಿಂಗಳು ತಿಂಗಳಿಗೆ ಪೂರ್ತಿ ಬರಬೇಕು. ಬಾಕಿ ಉಳಿಸಿ ಆಮೇಲೆ ಸಾಲಕ್ಕೆ ಖಾತರಿ ನೀಡಿದರೆ, ಸರ್ಕಾರ ಕೊಂಡ ಸೇವೆಗೆ ನಿಗಮ ಬಡ್ಡಿ ಕಟ್ಟಿದಂತೆ.

ಜಿಲ್ಲೆಯ ಗೆರೆಯ ಎರಡು ಬದಿಗೆ ಹಂಚಿಹೋದ ದೂರುಗಳಿಗಾಗಿ ನಿಗಮದಲ್ಲಿ ಸ್ಥಳೀಯರಿಗೆ ದನಿ ಕೊಟ್ಟರೆ ರಾಜಕೀಯ ನುಗ್ಗುತ್ತದೆ ಎಂಬ ಭಯವೂ ಇದೆ. ಆದರೆ ಮಂಡಳಿಯ ನೇಮಕ, ದರ, ರಿಯಾಯಿತಿ ಎಲ್ಲವೂ ಸರ್ಕಾರದ ಕೈಯಲ್ಲಿರುವಾಗ ರಾಜಕೀಯ ಹೊರಗೆ ಇದೆಯೆನ್ನಲಾಗದು. ಅದು ಪ್ರಯಾಣಿಕರಿಂದ ದೂರದಲ್ಲಿದೆ, ಅಷ್ಟೆ. ಸಲಹಾ ಮಂಡಳಿಗಳಿಗೆ 1950ರ ಅದೇ ಕಾಯ್ದೆಯ 17ನೇ ಕಲಮಿನಲ್ಲಿ ಎಡೆಯಿದೆ. ಎರಡೂ ಜಿಲ್ಲೆಯವರು ಕೂಡುವ ಒಂದು ಮಂಡಳಿಗೆ ಹೊಸ ಶಾಸನ ಬೇಡ. ಹಂಪಿಗೆ 2002ರ ಕಾಯ್ದೆಯಿಂದ ವಿಶ್ವ ಪರಂಪರೆ ಪ್ರದೇಶದ ಪ್ರಾಧಿಕಾರವೇ ಬಂದಿದೆ. ಬಸ್ಸಿಗೆ ಕೇಳುತ್ತಿರುವುದು ಅದಕ್ಕಿಂತ ಚಿಕ್ಕದು.

ಹಣದ ಮೂಲವನ್ನೂ ಇದೇ ನೆಲದಲ್ಲಿ ಹುಡುಕಬಹುದು. ಫ್ರಾನ್ಸ್ 1971ರಲ್ಲಿ ಪ್ಯಾರಿಸ್ ವಲಯದಲ್ಲಿ, 1973ರಿಂದ ಬೇರೆ ನಗರಗಳಲ್ಲಿ, ಉದ್ಯೋಗದಾತರ ಸಂಬಳದ ಮೊತ್ತದ ಮೇಲೆ ಸಾರಿಗೆ ತೆರಿಗೆ ಹಾಕಿತು. ದುಡಿಯುವವರು ಬಸ್ಸಿನಲ್ಲಿ ಬಂದರೆ ಲಾಭ ಕಾರ್ಖಾನೆಗೂ ಸಲ್ಲುತ್ತದೆ ಎಂಬುದು ಅದರ ನ್ಯಾಯ. ಸಂಡೂರು ತಾಲ್ಲೂಕಿನ ಕಬ್ಬಿಣದ ಗಣಿಗಳಿಗೂ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೂ ಈ ನ್ಯಾಯ ಹೊಂದುತ್ತದೆ. ಗಣಿ ಕಾಯ್ದೆಯ 2015ರ ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿ ಈಗಾಗಲೇ ಇದೆ. ಅದಿರು ಮುಗಿಯುವಂಥದ್ದು, ಅದನ್ನು ನಂಬಿ ಸಂಬಳ ಕೊಡಲಾದೀತೇ ಎಂದರೆ, ಆಗದು. ಸಂಬಳ, ಡೀಸೆಲ್ ರಾಜ್ಯದ ಪಾಲಿನ ಹೊಣೆಯಾಗಿಯೇ ಇರಲಿ. ಖನಿಜದ ಹಣಕ್ಕೆ ಸರಿಯಾದ ಜಾಗ ಬಂಡವಾಳದ ಖಾತೆ: ಹೊಸ ಬಸ್ಸು, ಡಿಪೊ, ತಂಗುದಾಣ. ನಿಯಮಗಳು ರಸ್ತೆ, ಸೇತುವೆಗಳಿಗೆ ಕೊಡುವ ಎಡೆಯನ್ನು ಬಸ್ಸಿಗೂ ಸ್ಪಷ್ಟವಾಗಿ ಕೊಟ್ಟರೆ, ಕೇಂದ್ರ ಬಿಟ್ಟುಹೋದ ಪಾಲನ್ನು ಅದಿರಿನ ಲಾರಿಗಳ ಧೂಳು ಕುಡಿದ ಊರುಗಳ ಹೆಸರಿನಲ್ಲೇ ತುಂಬಬಹುದು.