ಆಟೋಪೈಲಟ್ ಕೈಬಿಟ್ಟ ಮೇಲೆ ವಿಮಾನ ಕಾಯೋದು ಯಾರು?

2023ರಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಶುರುವಾದ ಮೇಲೆ ನಮ್ಮ ಕಡೆ ಹುಡುಗರ ಬಾಯಲ್ಲಿ ವಿಮಾನದ ಮಾತು ಜಾಸ್ತಿ. ತುಮಕೂರು–ಕುಣಿಗಲ್ ಬಸ್ಸಲ್ಲಿ ಪಕ್ಕ ಕೂತಿದ್ದ ಡಿಪ್ಲೊಮಾ ಹುಡುಗ ಅಂದ: "ಈಗೆಲ್ಲಾ ಕಂಪ್ಯೂಟರ್ರೇ ಓಡ್ಸೋದು ಅಣ್ಣ, ಪೈಲಟ್ ಸುಮ್ನೆ ಕೂತಿರ್ತಾನೆ."

ಅರ್ಧ ನಿಜ. ಆಟೋಪೈಲಟ್ ಅನ್ನೋದು ಹೇಳಿದ ಎತ್ತರ, ಹೇಳಿದ ದಿಕ್ಕು ಹಿಡಿದು ಹಾರಿಸುವ ಕೆಲಸಗಾರ. ರಕ್ಷಣಾ ವ್ಯವಸ್ಥೆ ಬೇರೆಯೇ. ಪೈಲಟ್ ಕೈಯಾರೆ ಹಾರಿಸುವಾಗಲೂ ಅದು ಎಚ್ಚರ. ಏರ್‌ಬಸ್ ಎ320 ಎಲ್ಲ ಸರಿಯಿದ್ದಾಗ 67 ಡಿಗ್ರಿಗಿಂತ ಹೆಚ್ಚು ವಾಲಲು ಬಿಡುವುದಿಲ್ಲ. ಆದರೆ 45 ಡಿಗ್ರಿ ದಾಟಿದರೇ ಆಟೋಪೈಲಟ್ ಕಳಚಿಕೊಳ್ಳುತ್ತದೆ. ವೇಗ ಕುಸಿದು, ಮೂಗು ಎದ್ದು, ರೆಕ್ಕೆಗೆ ಗಾಳಿಯ ಆಸರೆ ತಪ್ಪುವಂತಾದಾಗಲೂ ಅಷ್ಟೇ. ಆಗ 'ಆಲ್ಫಾ ಫ್ಲೋರ್' ಎಂಬ ರಕ್ಷಣೆ ಎಂಜಿನ್‌ಗಳಿಗೆ ಪೂರ್ತಿ ಶಕ್ತಿ ಕೊಡಿಸುತ್ತದೆ. ಕಷ್ಟ ಬಂದಾಗ ಒಬ್ಬ ಇಳಿದುಹೋಗ್ತಾನೆ, ಇನ್ನೊಬ್ಬ ಏಳ್ತಾನೆ.

ಏಳೋದು ತಡವಾದರೆ?

1990ರ ಫೆಬ್ರುವರಿ 14. ಬಾಂಬೆಯಿಂದ ಬಂದ ಇಂಡಿಯನ್ ಏರ್‌ಲೈನ್ಸ್ 605, ಹೊಸ ಎ320, ಬೆಂಗಳೂರಿನ ಎಚ್‌ಎಎಲ್ ನಿಲ್ದಾಣಕ್ಕೆ ಇಳಿಯುತ್ತಿತ್ತು. ಎಂಜಿನ್‌ಗಳು ವೇಗ ಕಾಯುವ ಬದಲು ಕನಿಷ್ಠ ಶಕ್ತಿಯಲ್ಲೇ ಇಳಿಯುವ ಸ್ಥಿತಿಯಲ್ಲಿದ್ದವು. ಇಬ್ಬರು ಪೈಲಟ್‌ಗಳ ಫ್ಲೈಟ್ ಡೈರೆಕ್ಟರ್‌ಗಳೂ ಆಫ್ ಆಗಿದ್ದರೆ ಯಂತ್ರ ತಾನಾಗಿಯೇ ವೇಗ ಕಾಯುವ ಸ್ಥಿತಿಗೆ ಮರಳುತ್ತಿತ್ತು. ಒಂದು ಆಫ್ ಆಯಿತು, ಇನ್ನೊಂದು ಆನ್ ಇತ್ತು. ಆಟೋಪೈಲಟ್ ಇನ್ನೂ ಇದೆಯಾ ಅಂತ ಒಬ್ಬರು ಕೇಳಿದರು. ಇಲ್ಲ, ಆಫ್ ಆಗಿದೆ ಅಂದರು ಮತ್ತೊಬ್ಬರು. 132 ನಾಟ್ ಇರಬೇಕಿದ್ದ ವೇಗ 106ಕ್ಕೆ ಇಳಿದಿತ್ತು. ನೆಲ ಸಮೀಪಿಸಿದಾಗ ಆಲ್ಫಾ ಫ್ಲೋರ್ ಎದ್ದಿತು. ಆದರೆ ಜೆಟ್ ಎಂಜಿನ್ ಪೂರ್ತಿ ಶಕ್ತಿಗೆ ಬರಲು ಕೆಲವು ಸೆಕೆಂಡು ಬೇಕು. ರನ್‌ವೇಗೆ ಮೊದಲೇ ಇರುವ ಗಾಲ್ಫ್ ಮೈದಾನಕ್ಕೆ ವಿಮಾನ ಅಪ್ಪಳಿಸಿತು. 146 ಜನರಲ್ಲಿ 92 ಮಂದಿ ಸತ್ತರು.

ವೇಗ ಕುಸಿದಿದ್ದನ್ನು ಪೈಲಟ್‌ಗಳು ಗಮನಿಸಲಿಲ್ಲ ಎಂದು ತನಿಖೆ ಹೇಳಿತು. ಸುಳ್ಳಲ್ಲ. ಆದರೆ ಒಂದು ಸ್ವಿಚ್ಚಿನಿಂದ ಎಂಜಿನ್ನಿನ ಸ್ವಭಾವವೇ ಬದಲಾಗುವಂತೆ ಮಾಡಿದವರನ್ನು ಕೇಳೋದು ಬೇಡವಾ? ನನ್ನ ತಕರಾರು ಅಷ್ಟೇ.

ಬೋಯಿಂಗ್ 737 ಮ್ಯಾಕ್ಸ್‌ನಲ್ಲಿ ಕತೆ ಇನ್ನೂ ಕೆಟ್ಟದು. ಅದರ 'ಎಂಕ್ಯಾಸ್' ಕೆಲಸ ಮಾಡುತ್ತಿದ್ದುದೇ ಆಟೋಪೈಲಟ್ ಆಫ್ ಇದ್ದಾಗ. ಒಂದೇ ಸೆನ್ಸರ್ ನಂಬಿ ಮೂಗನ್ನು ಮತ್ತೆ ಮತ್ತೆ ಕೆಳಗೆ ತಳ್ಳಿತು. 2018 ಮತ್ತು 2019ರ ಎರಡು ಅಪಘಾತಗಳಲ್ಲಿ ವಿಮಾನದಲ್ಲಿದ್ದ 346 ಜನರೂ ಸತ್ತರು. ಮೊದಲ ಅಪಘಾತ ಆಗುವವರೆಗೆ ಅಂಥದ್ದೊಂದು ಇದೆ ಅಂತ ಪೈಲಟ್‌ಗಳ ಕೈಪಿಡಿಯಲ್ಲಿ ಬರೆದೇ ಇರಲಿಲ್ಲ.