ನೆಲದಡಿಯ ಬೀದರ್: ಬಡ್ಡಿಯಲ್ಲೇ ಬದುಕಿದ ಸುರಂಗ ಬಾವಿ

ಭಾಗ 1/4
📍 ನೌಬಾದ್, ಬೀದರ್

ಫೋಟೋ ನೋಡಿ ಯಾವುದೋ ಹಾಳುಬಾವಿ ಅಂದ್ಕೊಂಡ್ರಾ? ತಪ್ಪಿಲ್ಲ. ಪಿಯುಸಿ ಮುಗಿಯೋ ತನಕ ನಾನೂ ಹಾಗೇ ಅಂದ್ಕೊಂಡಿದ್ದೆ. ಕ್ರಿಕೆಟ್ ಆಡುವಾಗ ಚೆಂಡು ಇಂಥದ್ದರೊಳಗೆ ಬಿದ್ರೆ "ಹೋಯ್ತು ಬಿಡಪಾ" ಅಂತ ಹೊಸ ಚೆಂಡಿಗೆ ಪಟ್ಟಿ ಎತ್ತುತ್ತಿದ್ವಿ.

ಆಮೇಲೆ ಗೊತ್ತಾಯ್ತು, ಇದು ಒಂಟಿ ಬಾವಿ ಅಲ್ಲ ಅಂತ. ಇದರಾಚೆ ಇನ್ನೊಂದು, ಅದರಾಚೆ ಮತ್ತೊಂದು, ಹೀಗೆ ಸಾಲಾಗಿ 20ಕ್ಕೂ ಹೆಚ್ಚು ಇವೆ. ಎಲ್ಲವನ್ನೂ ನೆಲದ ಕೆಳಗೆ ಒಂದು ಸುರಂಗ ಕೂಡಿಸುತ್ತದೆ. ಉದ್ದ 2 ಕಿಲೋಮೀಟರ್‌ಗೂ ಹೆಚ್ಚು. ಊರವರ ಬಾಯಲ್ಲಿ ಇದು ಸುರಂಗ ಬಾವಿ. ಪುಸ್ತಕದಲ್ಲಿ ಕರೇಜ್. ಇರಾನ್‌ನಲ್ಲಿ ಕನಾತ್.

ಇರಾನಿನ ತಂತ್ರ ಬೀದರ್‌ಗೆ ಹೇಗೆ ಬಂತು? ಬಹಮನಿ ಸುಲ್ತಾನ ಅಹ್ಮದ್ ಶಾ ವಲಿ 15ನೇ ಶತಮಾನದ ಮೊದಲರ್ಧದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದ. ಆ ಕಾಲದಲ್ಲಿ ಪರ್ಶಿಯಾದಿಂದ ಸೂಫಿಗಳು, ವಿದ್ವಾಂಸರು, ಕುಶಲಕರ್ಮಿಗಳು ಇಲ್ಲಿಗೆ ಬಂದು ನೆಲೆಸಿದರು. ಅಷ್ಟೂರಿನ ದಾರಿಯಲ್ಲಿ ಸಿಗುವ ಚೌಖಂಡಿ, ಕಿರ್ಮಾನ್‌ನ ಸಂತ ಶಾ ನಿಮತುಲ್ಲಾ ಅವರ ಮನೆತನದ್ದು. 1472ರ ಮದರಸಾ ಕಟ್ಟಿಸಿದ ಮಹಮೂದ್ ಗವಾನ್ ಗಿಲಾನ್‌ನವನು. ನೆಲದ ಮೇಲೆ ಅವರು ಬಿಟ್ಟುಹೋದದ್ದನ್ನು ನಾವು ದಿನಾ ನೋಡ್ತೀವಿ. ನೆಲದ ಕೆಳಗಿನದ್ದು ಮಾತ್ರ ಮರೆತೇ ಹೋಗಿತ್ತು.

ಭಾಗ 2/4
📸 ಫೋಟೋ: ನನ್ನ ನೋಟ್‌ಬುಕ್‌ನ ಚಿತ್ರ (ಡ್ರಾಯಿಂಗ್ ಅಷ್ಟಕ್ಕಷ್ಟೇ, ನಗಬೇಡಿ 🙏)

ಮೊದಲು ಬೀದರ್‌ನ ನೆಲ ಅರ್ಥ ಮಾಡ್ಕೊಳ್ಳೋಣ. ಮೇಲೆ ಕೆಂಪು ಜಂಬಿಟ್ಟಿಗೆ, ಅಂದ್ರೆ ಲ್ಯಾಟರೈಟ್. ತೂತು ತೂತಾದ ಕಲ್ಲು, ಮಳೆ ನೀರನ್ನು ಒಳಗೆ ಇಳಿಸಿಕೊಳ್ಳುತ್ತದೆ. ಅದರ ಕೆಳಗೆ ಗಟ್ಟಿ ಕರಿಕಲ್ಲು, ಅಂದ್ರೆ ಬಸಾಲ್ಟ್. ಇಳಿದ ನೀರು ಅಲ್ಲಿ ತಡೆದು ನಿಲ್ಲುತ್ತದೆ, ದಾರಿ ಸಿಕ್ಕ ಕಡೆ ಹೊರಗೆ ಬರುತ್ತದೆ. ಝರಣಿ ನರಸಿಂಹನ ಗುಹೆಯಲ್ಲಿ ನೀರೊಳಗೆ ನಡೆದಿದ್ದೀರಾ? ಗುರುದ್ವಾರದಲ್ಲಿ ನಾನಕ್ ಝೀರಾದ ನೀರು ಕುಡಿದಿದ್ದೀರಾ? ಅವೆರಡೂ ಈ ಎರಡು ಕಲ್ಲುಗಳ ನಡುವಿನ ಕಥೆಯೇ.

ಕರೇಜ್ ಮಾಡಿದವರು ಇದನ್ನೇ ಓದಿಕೊಂಡರು. ಎತ್ತರದ ಜಾಗದಲ್ಲಿ ನೀರು ಸಿಗುವ ತನಕ ತಾಯಿಬಾವಿ ತೋಡಿದರು. ಅಲ್ಲಿಂದ ಊರಿನ ಕಡೆಗೆ ಸ್ವಲ್ಪ ಸ್ವಲ್ಪವೇ ಇಳಿಜಾರಾಗಿ ಸುರಂಗ ಕೊರೆದರು. ನಡುನಡುವೆ ಮೇಲಕ್ಕೆ ಬಾಯಿ ಬಿಟ್ಟರು: ತೋಡಿದ ಮಣ್ಣು ಎತ್ತಲು, ಗಾಳಿ ಆಡಲು, ಆಮೇಲೆ ಹೂಳು ತೆಗೆಯಲು. ಮೋಟಾರ್ ಇಲ್ಲ, ಕರೆಂಟ್ ಇಲ್ಲ. ಇಳಿಜಾರೇ ಎಲ್ಲ ಕೆಲಸ ಮಾಡುತ್ತದೆ. ನೀರು ನೆಲದೊಳಗೇ ಹರಿಯೋದರಿಂದ ನಮ್ಮ ಬಿಸಿಲಿಗೆ ಆವಿಯಾಗಿ ಹೋಗುವುದೂ ಕಡಿಮೆ.

ಈಗ ಒಬ್ಬ ಬಿ.ಕಾಂ ಹುಡುಗನಾಗಿ ನನಗೆ ಕಂಡ ಮಾತು ಹೇಳ್ತೀನಿ.

ಅಂತರ್ಜಲ ಅಸಲು ಅಂದ್ಕೊಳ್ಳಿ. ವರ್ಷ ವರ್ಷ ಮಳೆಯಿಂದ ಒಳಗೆ ಇಳಿಯೋದು ಬಡ್ಡಿ. ಕರೇಜ್‌ಗೆ ಸುರಂಗದ ಮಟ್ಟಕ್ಕಿಂತ ಮೇಲಿರುವ ನೀರು ಮಾತ್ರ ಸಿಗುತ್ತದೆ. ಮಟ್ಟ ಕೆಳಗೆ ಹೋದ್ರೆ ಹರಿವು ತಾನಾಗಿ ನಿಲ್ಲುತ್ತದೆ, ಎಷ್ಟೇ ಆಸೆ ಇದ್ರೂ ಅಸಲಿಗೆ ಕೈ ಹಾಕೋಕೆ ಆಗಲ್ಲ. ಬೋರ್‌ವೆಲ್‌ಗೆ ಈ ತಡೆ ಇಲ್ಲ. ನೀರು ಇಳಿದಷ್ಟೂ ಪೈಪ್ ಇಳಿಸಬಹುದು, ಅಸಲನ್ನೇ ತಿನ್ನಬಹುದು. ಪಾಸ್‌ಬುಕ್ ಒಂದೇ ಸಮಸ್ಯೆ: ಬ್ಯಾಲೆನ್ಸ್ ಎಷ್ಟಿದೆ ಅಂತ ಕಣ್ಣಿಗೆ ಕಾಣಲ್ಲ.

ಮುಂದಿನ ಪೀಳಿಗೆಯ ಅಗತ್ಯಕ್ಕೆ ಕುತ್ತು ತರದೆ ಇವತ್ತಿನ ಅಗತ್ಯ ಪೂರೈಸೋದೇ ಸುಸ್ಥಿರ ಅಭಿವೃದ್ಧಿ ಅಂತ 1987ರ ಬ್ರಂಟ್‌ಲ್ಯಾಂಡ್ ವರದಿ ಹೇಳಿತು. ನಾವು ಅದನ್ನು 5 ಮಾರ್ಕ್ಸ್‌ಗೆ ಬಾಯಿಪಾಠ ಮಾಡ್ತೀವಿ. ಅದೇ ಮಾತನ್ನು ನಮ್ಮೂರಲ್ಲಿ ಕಲ್ಲು ಕೊರೆದು ಮಾಡಿಟ್ಟಿದ್ದಾರೆ.

ಭಾಗ 3/4
📸 ಫೋಟೋ: ಕಸ ತುಂಬಿದ ಬಾಯಿ

ಅಷ್ಟು ಒಳ್ಳೇದಾಗಿದ್ರೆ ಹಾಳಾಗಿದ್ದು ಯಾಕೆ?

ಯಾಕಂದ್ರೆ ನಲ್ಲಿ ಬಂತು, ಬೋರ್ ಬಂತು, ಸುರಂಗ ಯಾರಿಗೂ ಬೇಡವಾಯ್ತು. ಬೇಡವಾದ ಮೇಲೆ ಹೂಳು ತೆಗೆಯೋರು ಇಲ್ಲ. ಹೂಳು ತುಂಬಿದ ಮೇಲೆ ಅದು ಬರೀ ಗುಂಡಿ. ಗುಂಡಿ ಕಂಡ್ರೆ ನಾವು ಏನು ಮಾಡ್ತೀವಿ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಮುಚ್ಚಿದ ಜಾಗದಲ್ಲಿ ಪ್ಲಾಟ್ ಆಗೋಕೆ ಎಷ್ಟು ಹೊತ್ತು?

ವಿಶ್ವ ಸ್ಮಾರಕ ನಿಧಿ 2014ರ ತನ್ನ ಕಾಳಜಿಯ ಪಟ್ಟಿಯಲ್ಲಿ ಬೀದರ್ ನಗರವನ್ನು ಸೇರಿಸಿತು. ಕೇರಳದ ಭೂಗೋಳ ಪ್ರಾಧ್ಯಾಪಕ ವಿ. ಗೋವಿಂದನ್‌ಕುಟ್ಟಿ ಸುರಂಗಗಳ ಜಾಡು ಹಿಡಿದು ನಕ್ಷೆ ಮಾಡಿದರು. ನೌಬಾದ್ ಅಷ್ಟೇ ಅಲ್ಲ, ಶುಕ್ಲತೀರ್ಥ, ಜಮ್ನಾ ಮೋರಿ ಕೂಡ ಇವೆ ಅಂತ ಜನ ಮತ್ತೆ ಮಾತಾಡೋಕೆ ಶುರು ಮಾಡಿದರು. ಜಿಲ್ಲಾಡಳಿತ ಮತ್ತು ಪರಂಪರೆಯ ಕಾಳಜಿ ಇರೋರು ಕೈ ಜೋಡಿಸಿದ್ರು, ನೌಬಾದ್‌ನಲ್ಲಿ ಹೂಳೆತ್ತುವ ಕೆಲಸ ನಡೆಯಿತು.

ಆ ಹೊತ್ತಿಗೆ ಬರ ಹೇಗಿತ್ತು ನೆನಪಿದೆಯಾ? 2016ರ ಏಪ್ರಿಲ್‌ನಲ್ಲಿ ನಮ್ಮ ಪಕ್ಕದ ಲಾತೂರ್‌ಗೆ ಮೀರಜ್‌ನಿಂದ ರೈಲಲ್ಲಿ ನೀರು ತಂದರು. ಸುಮಾರು 340 ಕಿಲೋಮೀಟರ್ ದೂರದಿಂದ, ಮೊದಲ ರೈಲಿನಲ್ಲಿ ಸುಮಾರು 5 ಲಕ್ಷ ಲೀಟರ್. ಅದೇ ವರ್ಷ ಮಳೆಗಾಲ ಚೆನ್ನಾಗಿ ಆಯ್ತು, ಹೂಳು ತೆಗೆದ ಸುರಂಗದಲ್ಲಿ ನೀರು ಕಾಣಿಸಿತು. ಅದೇ ವರ್ಷವೇ ಯುನೆಸ್ಕೋ ಇರಾನಿನ 11 ಕನಾತ್‌ಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ 17 ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ 11ನೆಯದು ನಗರಗಳದ್ದು. ಪರಂಪರೆಯ ರಕ್ಷಣೆ ಅದರೊಳಗೇ ಇದೆ. ಮೊದಲು ಓದಿದಾಗ ನಗರಕ್ಕೂ ಹಳೇ ಕಲ್ಲಿಗೂ ಏನು ಸಂಬಂಧ ಅನ್ನಿಸಿತ್ತು. ನೌಬಾದ್ ನೋಡಿದ ಮೇಲೆ ಆ ಪ್ರಶ್ನೆ ಉಳಿಯಲಿಲ್ಲ. ಆದ್ರೆ ಒಂದು ಮಾತು: ಒಮ್ಮೆ ಹೂಳೆತ್ತಿ ಫೋಟೋ ತೆಗೆಸಿಕೊಂಡ್ರೆ ಸಂರಕ್ಷಣೆ ಮುಗಿಯಲ್ಲ. ಪ್ರತಿ ಮಳೆಗೂ ಮಣ್ಣು ಬರುತ್ತೆ. ನಮ್ಮ ಅಕೌಂಟ್ಸ್ ಭಾಷೆಯಲ್ಲಿ ಇದು ಒಂದೇ ಸಲ ಬರೆದು ಮುಗಿಸೋ ಖರ್ಚಲ್ಲ, ವರ್ಷಾ ವರ್ಷಾ ಬರೋ ಖರ್ಚು.

ಭಾಗ 4/4
📸 ಫೋಟೋ: ನಮ್ಮ ಮನೆ ಅಂಗಳ

ಇಲ್ಲಿಗೇ ನಿಲ್ಲಿಸಿದ್ರೆ ನಾನು ಸುಳ್ಳು ಹೇಳಿದ ಹಾಗಾಗುತ್ತೆ.

ಈ ಬೇಸಿಗೆ ನಮ್ಮ ಮನೆ ಬೋರ್ ಒಣಗಿತು. 15 ದಿನ ಟ್ಯಾಂಕರ್. ಅವ್ವ ಕ್ಯಾಲೆಂಡರ್ ಮೇಲೆ ಟ್ಯಾಂಕರ್ ಬಂದ ದಿನಕ್ಕೆಲ್ಲ ಗುಂಡು ಸುತ್ತುತ್ತಾ ಹೋದಳು. ಅಪ್ಪ ಇನ್ನೊಂದು ಬೋರ್ ಹೊಡಿಸೋಣ ಅಂದ್ರು. ನಾನು ಕರೇಜ್, ಅಸಲು, ಬಡ್ಡಿ ಎಲ್ಲಾ ಹೇಳಿದೆ. ಪೂರ್ತಿ ಕೇಳಿ ಅಪ್ಪ ಅಂದ್ರು:

"ಖರೇ ಅದಪಾ ನೀ ಹೇಳೂದು. ಆದ್ರ ನಾಳಿಗಿ ನಿಮ್ಮವ್ವ ಅನ್ನಕ್ಕ ಎಸರು ಇಡಬೇಕಲ್ಲ? ಸುರಂಗದಾಗಿನ ನೀರ ನಮ್ಮ ಮನಿಗಿ ಬರ್ತದೇನು?"

ಬರಲ್ಲ. ಉತ್ತರ ಇರಲಿಲ್ಲ ನನ್ನ ಹತ್ರ. ಬೋರ್ ಹೊಡೆಸಿದ್ವಿ. ಹಳೇದಕ್ಕಿಂತ ಆಳಕ್ಕೆ ಹೋಯ್ತು. ನೀರು ಚಿಮ್ಮಿದಾಗ ಕುಣಿದವರಲ್ಲಿ ನಾನೂ ಒಬ್ಬ. ರಾತ್ರಿ ಮಲಗಿದಾಗ ಅನ್ನಿಸಿದ್ದು ಬೇರೆ. ಇಷ್ಟು ದಿನ ಕಸ ಹಾಕಿದವರನ್ನ ಬೈತಿದ್ದೆ, ಇವತ್ತು ನಾನೂ ಅದೇ ಅಸಲಿಗೆ ಪೈಪ್ ಇಳಿಸಿದ್ದೆ.

ಮರುವಾರ ಅಪ್ಪನ ಹತ್ರ ಇನ್ನೊಂದು ಕೇಳಿದೆ: ಒಣಗಿದ ಹಳೇ ಬೋರ್ ಮುಚ್ಚೋದು ಬೇಡ, ಸುತ್ತ ಗುಂಡಿ ತೆಗೆದು ಜಲ್ಲಿ, ಮರಳು ಹಾಕಿ ಮಾಳಿಗೆ ನೀರು ಅದಕ್ಕೆ ಬಿಡೋಣ ಅಂತ. ಅಪ್ಪ ಖರ್ಚು ಎಷ್ಟು ಅಂತ ಕೇಳಿದ್ರು. ಲೆಕ್ಕ ಬರೆದು ಕೊಟ್ಟೆ. ಎರಡು ಸಲ ಓದಿ, "ಹೂಂ, ಮಾಡ್ಸು" ಅಂದ್ರು. ಫೋಟೋದಲ್ಲಿರೋದು ಅದೇ ಗುಂಡಿ. ಕರೇಜ್‌ನ ಎದುರು ಇದು ಏನೂ ಅಲ್ಲ. ತೆಗೆದದ್ದರಲ್ಲಿ ಒಂದಿಷ್ಟು ವಾಪಸ್ ಜಮಾ ಆಗ್ಲಿ, ಅಷ್ಟೇ.

ನಿಮ್ಮ ಹತ್ರ ಒಂದೇ ಕೋರಿಕೆ. ನೌಬಾದ್ ಕಡೆ ಮನೆ ಇದ್ರೆ, ಪ್ಲಾಟ್ ನೋಡ್ತಿದ್ರೆ, ಸಾಲಾಗಿ ಬಾವಿ ಬಾಯಿಗಳು ಕಂಡ್ರೆ, ಮುಚ್ಚಿಸುವ ಮೊದಲು ಮನೆಯ ಹಿರಿಯರನ್ನೊಮ್ಮೆ ಕೇಳಿ, ಇಲ್ಲಿ ಹಿಂದೆ ಏನಿತ್ತು ಅಂತ. ಒಳಗೆ ಮಾತ್ರ ಇಳಿಯಬೇಡಿ, ಅಪಾಯ. ಹೊರಗಿನಿಂದ ಒಂದು ಫೋಟೋ ತೆಗೆದು ಕಳಿಸಿ. ಎಲ್ಲಾ ಸೇರಿಸಿ ಒಂದು ನಕ್ಷೆ ಮಾಡ್ತಿದ್ದೀನಿ.

ಮುಂದಿನ ಕಂತು: ಬಿದ್ರಿ ಕಲೆಗೆ ಕೋಟೆಯ ಮಣ್ಣೇ ಯಾಕೆ ಬೇಕು?

#ಬೀದರ್ #ಸುರಂಗಬಾವಿ #ನೆಲದಡಿಯಬೀದರ್ #ನಮ್ಮೂರಇತಿಹಾಸ